ಒಂದು ಪ್ರೊಸೆಸ್ ಕೊಂದು ನೋಡು

ಮಗಳೇ, ಮೊನ್ನೆ ನೀನು ಕೇಳಿದ್ದು ತಲೆಯಲ್ಲೇ ಉಳಿದಿದೆ: "ದೊಡ್ಡಪ್ಪ, ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಕೆಲಸ ಗ್ಯಾರಂಟಿ?" ಹೊಟ್ಟೆಪಾಡಿಗೆ ಜಾವಾನೋ ಪೈಥಾನೋ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಭಾಷೆಯ ಬೆಲೆಯನ್ನು ನೌಕರಿ ಜಾಹೀರಾತು ಎಣಿಸಿ ಕಟ್ಟಬೇಡ. ಎರ್ಲಾಂಗ್ ಎಂಬ ಭಾಷೆಯ ಕಥೆ ಕೇಳು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿದವನಿಗೆ ಅದು ಹುಟ್ಟಿದ ಕಷ್ಟ ಗೊತ್ತು. ಒಂದೇ ಹೊತ್ತಿಗೆ ಸಾವಿರಾರು ಕರೆ. ಒಂದು ಕಡಿದರೆ ಪಕ್ಕದ್ದು ಕಡಿಯಬಾರದು. ಸಾಫ್ಟ್‌ವೇರ್ ಬದಲಿಸಬೇಕೆಂದು ಎಕ್ಸ್‌ಚೇಂಜ್ ನಿಲ್ಲಿಸುವಂತೆಯೂ ಇಲ್ಲ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ 1986ರಲ್ಲಿ ಇದಕ್ಕೆಂದೇ ಪ್ರೋಲಾಗ್ ಭಾಷೆಯಲ್ಲಿ ಪ್ರಯೋಗ ಶುರುಮಾಡಿದರು. ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಗೂಡಿದರು. ಅವರು ಕಟ್ಟಿದ ಭಾಷೆಯಲ್ಲಿ ಒಂದೊಂದು ಕರೆಗೂ ಬೇರೆಯೇ ಪುಟ್ಟ ಪ್ರೊಸೆಸ್, ಅಂದರೆ ತನ್ನಷ್ಟಕ್ಕೆ ಓಡುವ ಪ್ರೋಗ್ರಾಮಿನ ತುಣುಕು. ಒಂದರ ಮೆಮೊರಿಗೆ ಇನ್ನೊಂದು ಕೈ ಹಾಕುವಂತಿಲ್ಲ, ಏನಿದ್ದರೂ ಸಂದೇಶ ಕಳಿಸಬೇಕು. ಕೆಟ್ಟದ್ದು ಅಲ್ಲೇ ಸಾಯಲಿ, ಕಾವಲಿಗಿರುವ ಪ್ರೊಸೆಸ್ ಹೊಸದನ್ನು ಎಬ್ಬಿಸುತ್ತದೆ. ತಪ್ಪು ಆಗಿಯೇ ಆಗುತ್ತದೆ, ಆದ ಮೇಲೂ ಕೆಲಸ ನಡೆಯಬೇಕು ಎಂದು ಒಪ್ಪಿಕೊಂಡ ಆ ವಿವೇಕಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಎರಿಕ್ಸನ್ನಿನ ಎಎಕ್ಸ್‌ಡಿ 301 ಸ್ವಿಚ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಎರ್ಲಾಂಗ್ ಇತ್ತು. ಹಾಗಿದ್ದೂ 1998ರಲ್ಲಿ ಎರಿಕ್ಸನ್ ರೇಡಿಯೊ ವಿಭಾಗ ಹೊಸ ಉತ್ಪನ್ನಗಳಿಗೆ ಈ ಭಾಷೆ ಬೇಡವೆಂದು ಆದೇಶಿಸಿತು. ಸ್ವಂತ ಭಾಷೆಯನ್ನು ಸಾಕುವ ಬದಲು ಎಲ್ಲರೂ ಬಳಸುವುದನ್ನೇ ಬಳಸೋಣ ಎಂಬ ಲೆಕ್ಕ. ಅದೇ ವರ್ಷ ಡಿಸೆಂಬರಿನಲ್ಲಿ ಎರ್ಲಾಂಗ್ ಓಪನ್ ಸೋರ್ಸ್ ಆಯಿತು. ಕಟ್ಟಿದವರಲ್ಲಿ ಹಲವರು ಕಂಪನಿ ಬಿಟ್ಟು ಬ್ಲೂಟೇಲ್ ಎಂಬ ಸ್ವಂತ ಕಂಪನಿ ತೆರೆದರು.

ಮುಗಿಯಿತೆಂದುಕೊಂಡೆಯಾ? ಲಕ್ಷಾಂತರ ಜನರ ಮಾತನ್ನು ಒಟ್ಟಿಗೆ ಸಾಗಿಸುವ ಕಷ್ಟ ಎಲ್ಲಿಗೂ ಹೋಗಿರಲಿಲ್ಲ, ಎಕ್ಸ್‌ಚೇಂಜ್ ಬಿಟ್ಟು ಇಂಟರ್‌ನೆಟ್ಟಿಗೆ ಬಂದಿತ್ತು, ಅಷ್ಟೇ. ವಾಟ್ಸಾಪ್ ತನ್ನ ಸರ್ವರ್‌ಗಳಿಗೆ ಎರ್ಲಾಂಗನ್ನೇ ಆರಿಸಿಕೊಂಡಿತು. 2014ರಲ್ಲಿ ಫೇಸ್‌ಬುಕ್ ವಾಟ್ಸಾಪನ್ನು 1,900 ಕೋಟಿ ಡಾಲರಿಗೆ ಕೊಳ್ಳುವ ಮಾತಾದಾಗ ಬಳಕೆದಾರರು ಸುಮಾರು 45 ಕೋಟಿ, ಎಂಜಿನಿಯರುಗಳು ಮೂವತ್ತರ ಆಸುಪಾಸು. ದಿನಾ ಬೆಳಿಗ್ಗೆ ನೀನು ನನಗೆ ಕಳಿಸುವ ನಮಸ್ಕಾರ ಬರುವುದೂ ಆ ದಾರಿಯಲ್ಲೇ.

ಭಾಷೆ ಆರಿಸುವ ಮೊದಲು ಅದು ಯಾವ ಕಷ್ಟಕ್ಕೆ ಹುಟ್ಟಿತು, ಆ ಕಷ್ಟ ಇನ್ನೂ ಇದೆಯಾ ಎಂದು ವಿಚಾರಿಸು. ಈ ಭಾನುವಾರ ಎರ್ಲಾಂಗ್ ಇಳಿಸಿಕೋ, ಪುಕ್ಕಟೆ ಸಿಗುತ್ತದೆ. ನಾಲ್ಕು ಪ್ರೊಸೆಸ್ ಎಬ್ಬಿಸಿ ಒಂದನ್ನು ನೀನೇ ಕೊಲ್ಲು. ಉಳಿದ ಮೂರು ಏನು ಮಾಡಿದವೆಂದು ಸಂಜೆ ಫೋನ್ ಮಾಡಿ ಹೇಳು.