ಮತಿಗೆ ಕವಿದ ಮಬ್ಬು

ಶರಣರ ದೃಷ್ಟಿಯಲ್ಲಿ ಅರಿವಿಗೆ ವಿರೋಧಿಯಾದುದು ಮರವೆ. ತಾನಾರೆಂಬುದನ್ನು ಮರೆತು ವಿಷಯಗಳಲ್ಲಿ ಮುಳುಗುವುದೇ ಅದರ ಸ್ವರೂಪ. ಗುರೂಪದೇಶವೂ ಶಿವಾನುಭವವೂ ಅದಕ್ಕೆ ಮದ್ದು. ಆದರೆ ಗೃಹಸ್ಥರನ್ನು ಕಾಡುವ ಇನ್ನೊಂದು ಮರವೆಯುಂಟು. ಅದು ದೇಹಕ್ಕೆ ಸೇರಿದುದು. ಅದರ ಮದ್ದೂ ಬೇರೆ. ಈ ಎರಡನ್ನೂ ಒಂದೆಂದು ಬಗೆದು ಹಲವರು ವೃಥಾ ನೊಂದುಕೊಳ್ಳುವರಾದುದರಿಂದ, ಇವುಗಳ ಭೇದವನ್ನು ವಿಚಾರಿಸುವುದು ಉಚಿತವಾಗಿದೆ.

ಲಕ್ಷಣ

ನಿದ್ದೆಯಿಂದೆದ್ದರೂ ಎಚ್ಚರ ತುಂಬದು. ಓದಿದ ಸಾಲನ್ನೇ ಮತ್ತೆ ಓದಬೇಕಾಗುವುದು. ಅಂಗಡಿಯ ಲೆಕ್ಕವನ್ನು ಮೂರು ಸಲ ಕೂಡಿದರೂ ತಾಳೆಯಾಗದು. ಬಲ್ಲ ಹೆಸರು ನಾಲಗೆಗೆ ಬಾರದು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡರೂ ದೃಷ್ಟಿ ನೆಲೆಗೊಳ್ಳದು. ಇದನ್ನೇ ಮಿದುಳಿನ ಮಬ್ಬೆನ್ನುವರು. ನಮ್ಮ ಮಾರೇನಹಳ್ಳಿಯಲ್ಲಿಯೂ ಸುತ್ತಣ ವಿಜಯನಗರದಲ್ಲಿಯೂ ಇದನ್ನು ‘ವಯಸ್ಸಾಯಿತು’ ಎಂದೋ ‘ಭಕ್ತಿ ಕುಂದಿತು’ ಎಂದೋ ತಳ್ಳಿಹಾಕುವವರು ವಿರಳರಲ್ಲ. ವಾಸ್ತವದಲ್ಲಿ ಇದು ಪಾಪವೂ ಅಲ್ಲ, ಸ್ವತಂತ್ರವಾದ ರೋಗವೂ ಅಲ್ಲ. ಒಳಗಿನ ಯಾವುದೋ ಕೊರತೆಯನ್ನು ಸಾರುವ ಚಿಹ್ನೆ.

ಕಾರಣ

ನಿದ್ರಾಭಂಗ, ದೀರ್ಘಚಿಂತೆ, ರಕ್ತಹೀನತೆ, ಮಧುಮೇಹ, ಗಂಟಲಿನ ಥೈರಾಯ್ಡ್ ಗ್ರಂಥಿಯ ಮಾಂದ್ಯ, ನಿದ್ದೆಮಾತ್ರೆ ಮೊದಲಾದ ಕೆಲವು ಔಷಧಗಳು, ಇವೆಲ್ಲ ಬುದ್ಧಿಯನ್ನು ಮಸಕುಗೊಳಿಸಬಲ್ಲವು. ಕೋವಿಡ್ ಜ್ವರದಿಂದ ಗುಣಹೊಂದಿದ ಮೇಲೆಯೂ ಕೆಲವರಲ್ಲಿ ಈ ಮಬ್ಬು ಉಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಲಕ್ಷಣವಾಗಿ ಅಂಗೀಕರಿಸಿತು.

ಶಾಕಾಹಾರಿಗಳಾದ ನಾವು ವಿಶೇಷವಾಗಿ ಗಮನಿಸಬೇಕಾದುದು ಬಿ-12 ಜೀವಸತ್ವದ ಕೊರತೆ. 1948ರಲ್ಲಿ ಬೇರ್ಪಡಿಸಲ್ಪಟ್ಟ ಈ ವಸ್ತುವು ರಕ್ತಕ್ಕೂ ನರಗಳಿಗೂ ಅತ್ಯಾವಶ್ಯಕ. ದಿನಕ್ಕೆ ಬೇಕಾದುದು 2ರಿಂದ 2.5 ಮೈಕ್ರೋಗ್ರಾಮ್ ಮಾತ್ರ. ಅಷ್ಟಾದರೂ ರಾಗಿ, ಬೇಳೆ, ಸೊಪ್ಪುಗಳಲ್ಲಿ ಅದು ದೊರೆಯದು. ಹಾಲು ಮೊಸರುಗಳಲ್ಲಿ ಉಂಟು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಮ್ ಇರುವುದು. ಕಾಫಿಗೆ ಬೆರೆಸಿದ ಹನಿಹಾಲನ್ನೇ ನಂಬಿದವರಿಗೆ ಅದು ಸಾಲದು. ಯಕೃತ್ತಿನ ಸಂಗ್ರಹ ಕೆಲವು ವರ್ಷ ಬಾಳುವುದರಿಂದ ಕೊರತೆ ಮೆಲ್ಲಮೆಲ್ಲನೆ ತಲೆದೋರುತ್ತದೆ. ವೃದ್ಧರಲ್ಲಿ ಹಲವರ ದೇಹವು ಅದನ್ನು ಆಹಾರದಿಂದ ಸರಿಯಾಗಿ ಹೀರಲಾರದು. ಮಧುಮೇಹಕ್ಕೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿಯೂ ಅದು ಕುಂದಬಹುದು. ಪಾದಗಳು ಜುಮ್ಮೆನ್ನುವುದು, ನಡಿಗೆ ತಪ್ಪುವುದು ಇದರ ಮುಂದಿನ ಸೂಚನೆಗಳು. ತಡಮಾಡಿದರೆ ನರಗಳ ಹಾನಿ ಶಾಶ್ವತವಾಗಿ ಉಳಿಯಲೂ ಬಹುದು.

ಪರಿಹಾರ

ಮೊದಲು ವೈದ್ಯರಲ್ಲಿ ರಕ್ತಪರೀಕ್ಷೆಯಾಗಲಿ. ರಕ್ತಹೀನತೆಯೆಂದು ತಾವೇ ಊಹಿಸಿ ಫೋಲಿಕ್ ಆಮ್ಲವನ್ನಷ್ಟೇ ಸೇವಿಸಲಾಗದು; ರಕ್ತ ಸುಧಾರಿಸಿದಂತೆ ತೋರಿ ನರಗಳ ಹಾನಿ ಒಳಗೊಳಗೇ ಬೆಳೆಯುವ ಭಯವುಂಟು. ಬಿ-12ನ್ನು ಮಾತ್ರೆಯಾಗಿಯೋ ಚುಚ್ಚುಮದ್ದಾಗಿಯೋ ವೈದ್ಯರು ಕೊಡುವರು. ಇದರಿಂದ ಆಹಾರನಿಯಮಕ್ಕೆ ಭಂಗ ಬರುವುದೇ ಎಂದು ಕೆಲವರು ಶಂಕಿಸುವುದುಂಟು. ಈ ಔಷಧವನ್ನು ಸೂಕ್ಷ್ಮಾಣುಗಳ ಹುದುಗಿನಿಂದ ತಯಾರಿಸುವರಲ್ಲದೆ ಮಾಂಸದಿಂದಲ್ಲ. ಕ್ಯಾಪ್ಸೂಲಿನ ಕವಚ ಮಾತ್ರ ಪ್ರಾಣಿಜನ್ಯವಾದ ಜೆಲಟಿನ್ ಆಗಿರಬಹುದು. ಅದರ ಬದಲು ಮಾತ್ರೆಯನ್ನು ಕೇಳಬಹುದು.

ಜೊತೆಗೆ ನಿಯತವಾದ ನಿದ್ರೆ, ನಡಿಗೆ, ಒಮ್ಮೆಗೆ ಒಂದೇ ಕೆಲಸ, ಮರೆಯಬಾರದುದನ್ನು ಬರೆದಿಡುವ ಅಭ್ಯಾಸ ಇರಲಿ. ಆದರೆ ಹಠಾತ್ತಾಗಿ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ಅದು ಮಬ್ಬಲ್ಲ, ಪಾರ್ಶ್ವವಾಯುವಿರಬಹುದು. ಕ್ಷಣವೂ ತಡೆಯದೆ ಆಸ್ಪತ್ರೆ ಸೇರಬೇಕು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋರೋಗ, ನರರೋಗಗಳೆರಡನ್ನೂ ಒಂದೇ ಆವರಣದಲ್ಲಿ ಪರೀಕ್ಷಿಸುವ ಆ ಏರ್ಪಾಡು ತನುಮನಗಳ ನಂಟಿಗೆ ನಿದರ್ಶನ.

ದೇಹವನ್ನೇ ದೇಗುಲವೆಂದು ಭಾವಿಸಿದ ಶರಣರ ಮಕ್ಕಳು ದೇಗುಲದ ದೀಪ ಮಂಕಾದಾಗ ದೇವರ ಕೃಪೆ ತಪ್ಪಿತೆಂದು ಅಳುತ್ತ ಕೂರಬಾರದು. ಎಣ್ಣೆಯಿದೆಯೇ, ಬತ್ತಿ ಸರಿಯಿದೆಯೇ ಎಂದು ನೋಡಬೇಕು. ಮನೆಯ ಹಿರಿಯರು ಮರೆತಾಗ ಗದರದೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದೂ ದಾಸೋಹವೇ ಸರಿ.