ಕಸ್ಟಡಿ ಕೇಸು: ಕೋರ್ಟು ಅಳೆಯುವುದು ಮನೆಯ ಚದರಡಿಯನ್ನಲ್ಲ

'ಅವರಿಗೆ ಸ್ವಂತ ಮನೆ ಇದೆ, ನಾನು ಬಾಡಿಗೆಯಲ್ಲಿದ್ದೀನಿ. ಮಗು ನನಗೆ ಸಿಗುತ್ತಾ?' ವಿಚ್ಛೇದನಕ್ಕೆ ಹೊರಟವರು ವಕೀಲರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಬಾಡಿಗೆ ಮನೆ ಅಡ್ಡಿಯಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಾಗಲಿ, 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯಾಗಲಿ ಮುಂದಿಡುವುದು ಮಗುವಿನ ಹಿತವನ್ನು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ ಎರಡನೆಯದು. ಅದರಾಚೆಗೆ ಮನೆಯ ದಿನಚರಿಯೇ ಮಾತಾಡುತ್ತದೆ.

2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ನೋಡಿ. ಸಿಂಗಪುರದಲ್ಲಿ ಕೆಲಸದಲ್ಲಿದ್ದ ತಂದೆ ತಿರುವನಂತಪುರದಲ್ಲಿ ಬಾಡಿಗೆ ಮನೆ ಹಿಡಿದು, ತಿಂಗಳಲ್ಲಿ 15 ದಿನ ಎಂಟು ವರ್ಷದ ಮಗಳನ್ನು ಇಟ್ಟುಕೊಳ್ಳಲು ಕೇರಳ ಹೈಕೋರ್ಟ್ ಅವಕಾಶ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಹುಡುಗಿಯನ್ನೇ ಮಾತಾಡಿಸಿದರು. ಆ ದಿನಗಳಲ್ಲಿ ಮನೆಯೂಟ ಸಿಕ್ಕಿರಲಿಲ್ಲ, ಎಲ್ಲ ಹೋಟೆಲಿನದೇ. ಅಪ್ಪನನ್ನು ಬಿಟ್ಟರೆ ಜತೆಗೆ ಯಾರೂ ಇಲ್ಲ. ಅಪ್ಪನ ಪ್ರೀತಿಯನ್ನು ಕೋರ್ಟ್ ಅನುಮಾನಿಸಲಿಲ್ಲ. ಆದರೂ 15 ದಿನದ ಏರ್ಪಾಡು ರದ್ದಾಗಿ, ಒಂದು ಬಿಟ್ಟು ಒಂದು ವಾರಾಂತ್ಯ ಮತ್ತು ವಿಡಿಯೊ ಕರೆ ಉಳಿಯಿತು.

ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಮಗುವಿನ ಒಂದು ದಿನವನ್ನು ಬರೆಯಿರಿ. ಬೆಳಿಗ್ಗೆ ಎಬ್ಬಿಸುವವರು ಯಾರು, ಡಬ್ಬಿ ಕಟ್ಟುವವರು ಯಾರು, ಸ್ಕೂಲ್ ವ್ಯಾನ್ ಇಳಿದಾಗ ಬಾಗಿಲು ತೆಗೆಯುವವರು ಯಾರು, ಜ್ವರ ಬಂದರೆ ರಜೆ ಹಾಕುವವರು ಯಾರು? ಅಜ್ಜಿ–ತಾತ ಇದ್ದರೆ ದೊಡ್ಡ ಆಸರೆ. ಆದರೆ ನೀವು ರಾತ್ರಿ ಹತ್ತಕ್ಕೆ ಮನೆ ಸೇರುವವರಾದರೆ, 'ಮಗುವನ್ನು ಕೇಳ್ತಿರೋದು ನೀವಾ, ನಿಮ್ಮ ಅಮ್ಮನಾ?' ಎಂಬ ಪ್ರಶ್ನೆ ಪಾಟಿ ಸವಾಲಿನಲ್ಲಿ ಬಂದೇ ಬರುತ್ತದೆ. ಪಾಳಿ ಬದಲಿಸಿಕೊಳ್ಳುವುದಿದ್ದರೆ ಅರ್ಜಿ ಹಾಕುವ ಮುಂಚೆಯೇ ಬದಲಿಸಿ.

ಪಿಜಿಯಲ್ಲಿರುವವರು ಅಲ್ಲಿಂದ ಹೊರಬೀಳಲೇಬೇಕು. ಶಾಲೆಗೆ ಹತ್ತಿರದ ಒಂದು ಬೆಡ್‌ರೂಮಿನ ಮನೆ, ಊರಾಚೆಯ ದೊಡ್ಡ ಫ್ಲ್ಯಾಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬುದನ್ನು ಮುಚ್ಚಿಡಬೇಡಿ. ಮರುಮದುವೆಯಾದ ಮಾತ್ರಕ್ಕೆ ಕಸ್ಟಡಿ ಕೈತಪ್ಪುವುದಿಲ್ಲ. ಆ ಸಂಗತಿ ಎದುರು ಪಕ್ಷದ ಬಾಯಿಂದ ಹೊರಬಂದರೆ ಮಾತ್ರ ನಿಮ್ಮ ಉಳಿದ ಮಾತಿಗೂ ಬೆಲೆ ಇಳಿಯುತ್ತದೆ. ಕುಡಿದು ಗಲಾಟೆ ಮಾಡುವ ಭಾವಮೈದ ಅದೇ ಸೂರಿನಡಿ ಇದ್ದರೆ, ಅದು ನಿಮ್ಮ ಕೇಸಿನದೇ ತೊಂದರೆ.

ಇನ್ನು ಕಾಗದಪತ್ರ: ಬಾಡಿಗೆ ಕರಾರು, ಶಾಲೆಯ ಶುಲ್ಕದ ರಸೀದಿ, ಲಸಿಕೆ ಕಾರ್ಡು, ವೈದ್ಯರ ಚೀಟಿ, ಪೋಷಕರ ಸಭೆಗೆ ಹೋದ ದಾಖಲೆ. ನನ್ನ ಲೆಕ್ಕದಲ್ಲಿ ಹೊಸ ಸೋಫಾದ ಹತ್ತು ಫೋಟೊಗಳಿಗಿಂತ ಹಳೇ ಲಸಿಕೆ ಕಾರ್ಡಿಗೆ ತೂಕ ಹೆಚ್ಚು.

ಹೇಳದೆ ಕೇಳದೆ ಮಗುವನ್ನು ಬೇರೆ ಊರಿಗೆ ಸಾಗಿಸುವುದು ದೊಡ್ಡ ಎಡವಟ್ಟು. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬೇಕು. ಓಡಿಸಿಕೊಂಡು ಹೋದರೆ ವ್ಯಾಪ್ತಿ ಬದಲಾಗುತ್ತದೆಂಬ ಲೆಕ್ಕಾಚಾರ ತಿರುಗಿ ಹೊಡೆಯಬಹುದು. ಹೊಡೆತ–ಬಡಿತಕ್ಕೆ ಹೆದರಿ ತವರಿಗೆ ಬಂದವರ ಮಾತು ಬೇರೆ. ಅವರು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ತಾತ್ಕಾಲಿಕ ಕಸ್ಟಡಿಯನ್ನೂ, ವಾಸದ ಆದೇಶವನ್ನೂ ಕೂಡಲೇ ಕೇಳಬಹುದು.

ನ್ಯಾಯಾಧೀಶರು ಮಗುವನ್ನು ಕೊಠಡಿಗೆ ಕರೆದು ಮಾತಾಡಿಸುವುದುಂಟು. ಬಾಯಿಪಾಠ ಮಾಡಿಸಬೇಡಿ, ಗೊತ್ತಾಗಿಬಿಡುತ್ತದೆ.

ಇಬ್ಬರ ಮನೆಯೂ ಸರಿಯಿದ್ದರೆ ಹಂಚಿಕೆಯ ದಾರಿಯೂ ಇದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ಆದೇಶಿಸಿ, ಓದಿನ ಖರ್ಚನ್ನು ಸಮನಾಗಿ ಹಂಚಿತು. ಇಂಥದ್ದನ್ನು ಕೇಳುವವರು ಶಾಲೆ ಬದಲಿಸದೆ ಎರಡೂ ಮನೆಯಿಂದ ಮಗು ಹೇಗೆ ಹೋಗಿಬರುತ್ತದೆ ಎಂಬುದನ್ನು ಅಫಿಡವಿಟ್‌ನಲ್ಲೇ ಬರೆಯಿರಿ. ಆದೇಶ ಬಂದ ಮೇಲೆ ಮನೆ ಬದಲಿಸಬೇಕಾಗಿ ಬಂದರೆ, ಸಾಮಾನು ಲಾರಿಗೇರುವ ಮುನ್ನವೇ ವಕೀಲರಿಗೆ ಹೊಸ ವಿಳಾಸ ಕೊಡಿ. ಪರಿಸ್ಥಿತಿ ಬದಲಾದರೆ ಆದೇಶವನ್ನು ತಿದ್ದಲು ಎದುರು ಪಕ್ಷವೂ ಅರ್ಜಿ ಹಾಕಬಹುದು.