ನಾಲ್ಕು ಜನ ಏನೆಂದಾರು?



ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನಿಗೆ ಯೇಸುಸ್ವಾಮಿ ದೃಷ್ಟಿ ಕೊಡುತ್ತಾರೆ. ಸಂಭ್ರಮಿಸಬೇಕಾದ ತಂದೆತಾಯಿಗಳು ಮಾತ್ರ, ಏನಿದ್ದರೂ ಅವನನ್ನೇ ಕೇಳಿರೆಂದು ಜಾರಿಕೊಳ್ಳುತ್ತಾರೆ. ಪ್ರಾರ್ಥನಾಮಂದಿರದಿಂದ ಬಹಿಷ್ಕಾರ ಹಾಕಿಯಾರೆಂಬ ಭಯ ಅವರಿಗೆ. ಅವರಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಭಯವು ಪ್ರೀತಿಯನ್ನು ಮೀರಿತು.

ಹೆತ್ತವರ ಈ ಭಯವನ್ನು ನಮ್ಮ ಸೀಮೆಯೂ ಬಲ್ಲದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಬೆಳೆದ ಮಂಜುನಾಥ, ತನ್ನೊಳಗೆ ಹೆಣ್ತನವನ್ನು ಕಂಡುಕೊಂಡಾಗ ಮನೆಯವರು ಹೊಸಪೇಟೆಯ ಹತ್ತಿರದ ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಮನೆಯಲ್ಲಿ ನೆಲೆ ಸಿಗಲಿಲ್ಲ. ವಿಷ ಕುಡಿದರೂ ಜೀವ ಉಳಿಯಿತು. ಭಿಕ್ಷೆ ಬೇಡಿ ಬದುಕಬೇಕಾಯಿತು. ಅವರೇ ಮಂಜಮ್ಮ ಜೋಗತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬಾಗಿಲಿಗೆ ಬಂದ ಜೋಗತಿಯ ಬುಟ್ಟಿಗೆ ಜೋಳ ಹಾಕಿ ಕೈಮುಗಿಯುವ ಜನವೇ, ತಮ್ಮ ಮನೆಯ ಮಗ ಹಾಗಿದ್ದರೆ ಸಹಿಸುವುದಿಲ್ಲ.

ಮಂಜಮ್ಮನವರದು ಲಿಂಗತ್ವದ ವಿಷಯ. ತನ್ನದೇ ಲಿಂಗದವರತ್ತ ಆಕರ್ಷಣೆ ಉಂಟಾಗುವುದು ಬೇರೆ ವಿಷಯ. ಆದರೆ ಇಬ್ಬರನ್ನೂ ಹೀಯಾಳಿಸುವ ಮನಸ್ಸು ಒಂದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ವೈನ್‌ಬರ್ಗ್ ತಮ್ಮ 1972ರ ಪುಸ್ತಕದಲ್ಲಿ ಸಲಿಂಗಿಗಳ ಮೇಲಿನ ಈ ತಿರಸ್ಕಾರವನ್ನು 'ಹೋಮೋಫೋಬಿಯಾ' ಎಂದು ಕರೆದರು. ಫೋಬಿಯಾ ಎಂದರೆ ಭಯ. ಈ ಭಯದ ಬೇರುಗಳಾವುವು?

ಮೊದಲನೆಯದು, ನಮ್ಮ ಬಗೆಗೇ ನಮಗಿರುವ ಅಳುಕು. ಅತ್ತ ಹುಡುಗನಿಗೆ "ಹೆಣ್ಣಿಗ" ಎನ್ನುತ್ತೇವೆ. ಗಂಡಸುತನವನ್ನು ದಿನವೂ ರುಜುವಾತು ಮಾಡಬೇಕೆಂದು ಕಲಿತವನು, ತನಗಿಂತ ಮೆದುವಾದವನನ್ನು ಹಂಗಿಸಿ ತಾನು ಗಟ್ಟಿಗನೆಂದು ತೋರಿಸಿಕೊಳ್ಳುತ್ತಾನೆ.

ಎರಡನೆಯದು, ಮರ್ಯಾದೆಯ ಭಯ. ತಂಗಿಯ ಮದುವೆ ನಿಂತೀತು, ನಾಲ್ಕು ಜನ ನಕ್ಕಾರು ಎಂಬ ಚಿಂತೆಯಲ್ಲಿ ಮಗುವಿನ ಕಣ್ಣೀರು ಕಾಣುವುದೇ ಇಲ್ಲ.

ಮೂರನೆಯದು, ಬಹುಕಾಲದ ತಪ್ಪು ತಿಳುವಳಿಕೆ. ಬ್ರಿಟಿಷರ ಕಾಲದ 1860ರ ದಂಡ ಸಂಹಿತೆಯ 377ನೆಯ ಕಲಮು ಇಂಥವರನ್ನು ಅಪರಾಧಿಗಳ ಸಾಲಿಗೆ ಸೇರಿಸಿತು. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತು. ಆದರೂ ಮದ್ದು, ಮಂತ್ರ, ಅವಸರದ ಮದುವೆಗಳಿಂದ 'ಸರಿ'ಪಡಿಸಲು ಹೊರಡುವವರು ಇಂದಿಗೂ ಇದ್ದಾರೆ. ಆ ಮದುವೆಯಲ್ಲಿ ಇನ್ನೊಬ್ಬ ಮುಗ್ಧೆಯ ಬಾಳೂ ಹಾಳಾಗುತ್ತದೆ.

ಧರ್ಮಸಭೆ ಏನು ಬೋಧಿಸುತ್ತದೆ? ವಿವಾಹವು ಒಬ್ಬ ಪುರುಷ ಹಾಗೂ ಒಬ್ಬ ಸ್ತ್ರೀಯ ನಡುವಣ ಸಂಸ್ಕಾರ, ದೈಹಿಕ ಸಂಬಂಧದ ಸ್ಥಾನ ಅದರೊಳಗೆ ಎಂಬ ಬೋಧನೆ ಬದಲಾಗಿಲ್ಲ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ, ಇವರನ್ನು ಗೌರವದಿಂದ, ಕನಿಕರದಿಂದ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ಭೇದಭಾವ ಕೂಡದು ಎಂದು ವಿಧಿಸುತ್ತದೆ. ಸಲಿಂಗಿಯಾಗಿರುವುದು ಅಪರಾಧವಲ್ಲವೆಂದು 2023ರಲ್ಲಿ ಪೋಪ್ ಫ್ರಾನ್ಸಿಸ್ ಸ್ಪಷ್ಟಪಡಿಸಿದರು. ಮೊದಲ ಬೋಧನೆಯನ್ನು ಗಟ್ಟಿಯಾಗಿ ಸಾರಿ ಎರಡನೆಯದನ್ನು ಮೆಲ್ಲಗೆ ಹೇಳುವ ತಪ್ಪನ್ನು ಗುರುಗಳಾದ ನಾವೂ ಮಾಡಿದ್ದೇವೆ. ಪೀಠದಿಂದ ಬಂದ ಒಂದು ಹಗುರ ಮಾತು, ಹಿಂದಿನ ಬೆಂಚಿನಲ್ಲಿ ಕುಳಿತ ಹದಿನಾರರ ಮಗುವಿಗೆ ತೀರ್ಪಿನಂತೆ ಕೇಳಿಸೀತು.

ಹುಟ್ಟುಕುರುಡನ ಕಥೆ ಹೆತ್ತವರ ಭಯದಲ್ಲಿ ಮುಗಿಯುವುದಿಲ್ಲ. ಜನರು ಅವನನ್ನು ಹೊರಹಾಕಿದರೆಂದು ಕೇಳಿದ ಯೇಸು ಅವನನ್ನು ಹುಡುಕಿಕೊಂಡು ಹೋದರು. ತಂದೆತಾಯಿಗಳೇ, ನಿಮ್ಮ ಮಗ ಅಥವಾ ಮಗಳು ನಡುಗುತ್ತಾ ಈ ವಿಷಯ ಹೇಳಿಕೊಂಡರೆ ಕೈ ಎತ್ತಬೇಡಿ, ಬಾಗಿಲು ತೋರಿಸಬೇಡಿ. ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿ. ಎಲ್ಲ ಪ್ರಶ್ನೆಗಳಿಗೂ ಅಂದೇ ಉತ್ತರ ಸಿಗಬೇಕಾಗಿಲ್ಲ. ಆ ರಾತ್ರಿ ಮಗು ಮನೆಯಲ್ಲಿ ಊಟ ಮಾಡಿ ಮಲಗಬೇಕು, ಅಷ್ಟೆ.

ಕುಟುಂಬದ ಚಿಂತನೆಗೆ:
1. ನಮ್ಮ ಮನೆಯಲ್ಲಿ ಯಾರನ್ನು ಗುರಿಮಾಡಿ ನಗುತ್ತೇವೆ? ಆ ನಗು ನಮ್ಮದೇ ಮಗುವಿಗೆ ಚುಚ್ಚುತ್ತಿರಬಹುದೇ?
2. ಯೊವಾನ್ನ 9ನೆಯ ಅಧ್ಯಾಯವನ್ನು ಒಟ್ಟಿಗೆ ಓದಿರಿ. ಆ ತಂದೆತಾಯಿಗಳ ಜಾಗದಲ್ಲಿ ನಾವಿದ್ದರೆ ಏನು ಹೇಳುತ್ತಿದ್ದೆವು?